ಆಚೆ ದಡದ ಹೂಂ

ಟಕ್ — ನೆತ್ತಿಯ ಎಡಬದಿಯಲ್ಲಿ ಒಣಕಡ್ಡಿ ಮುರಿದಂತೆ, ನೋವಿಲ್ಲ, ಮತ್ತೊಮ್ಮೆ ಟಕ್, ಎದುರಿಗೆ ಟವೆಲ್ಲಿನ ಮೇಲೆ ನನ್ನ ಬಲಗೈ, ಯಾರೋ ಮರೆತುಹೋದ ವಸ್ತುವಿನಂತೆ ಹೆಬ್ಬೆರಳು — ತಾಯಿ-ಮಗಳ ಈ ಕಥೆಯನ್ನು ನನಗೆ ಮೊದಲು ಹೇಳಿದವರು ತುಮರಿಯ ಬಂಗಾರಮ್ಮ, ಶರಾವತಿ ಹಿನ್ನೀರಿಗೆ ಸೇತುವೆಯಾಗುವುದಕ್ಕೆ ಬಹಳ ಮುಂಚೆ, ಒಂದು ಮಾರ್ಗಶಿರದ ಬೆಳಿಗ್ಗೆ, ಲಾಂಚಿಗೆ ಕಾದು ಕುಳಿತವರ ನಡುವೆ. ಒಬ್ಬ ತಾಯಿ ಪ್ರತಿ ಸಂಜೆ ಹೊಳೆಯ ಈಚೆ ದಡದಲ್ಲಿ ನಿಂತು, ಆಚೆ ದಡದ ಮನೆಗೆ ಕೊಟ್ಟ ಮಗಳನ್ನು ಕೂಗುತ್ತಿದ್ದಳು, ಮಗಳು ಹೂಂ ಎನ್ನುತ್ತಿದ್ದಳು, ಅಷ್ಟಕ್ಕೇ ತಾಯಿಗೆ ಸಮಾಧಾನ — ಮಿದುಳೂ ಹಂಗೇ ಕೂಗುತ್ತೆ ಸರ್, ಎಂದಿದ್ದಳು ನನ್ನಿಂದ ಈ ಕಥೆ ಕೇಳಿದ ಸುಚಿತ್ರಾ, ತೀರ್ಥಹಳ್ಳಿ ಕಡೆಯವಳು, ಮಿದುಳು ಮೈಯನ್ನು ಹೇಗೆ ಆಡಿಸುತ್ತದೆಂದು ಅಭ್ಯಾಸ ಮಾಡುವ ವಿಜ್ಞಾನಿ, ಪಾರ್ಶ್ವವಾಯು ಬಡಿದ ನಮ್ಮಂಥವರಿಗಾಗಿ ಹೊಸನಗರದ ಈ ಸಭಾಭವನಕ್ಕೆ ಯಂತ್ರ ತಂದಿದ್ದಾಳೆ. ತಲೆಯ ಮೇಲೆ ಕಾಂತದ ಬಳೆ ಹಿಡಿದು ಮಿದುಳಿನ ಬದಲು ತಾವೇ ಕೂಗುತ್ತಾರಂತೆ, ದಾರಿ ಉಳಿದಿದ್ದರೆ ಬೆರಳಿನ ಸ್ನಾಯು ಓಗೊಡುತ್ತದಂತೆ, ಪರದೆಯಲ್ಲಿ ಅಲೆ ಏಳುತ್ತದಂತೆ, ಎದ್ದರೆ ಕೈ ಮರಳುವ ಆಸೆಯಿದೆ, ಮತ್ತೆ ಬರೆಯಬಹುದು — ಟಕ್, ಎದ್ದಿತು, ಅಲೆ ಎದ್ದಿತು, ಅವಳ ಮುಖ ಅರಳಿತು, ಬಗ್ಗಿ ನೋಡಿದಳು, ಮುಖ ಮುದುಡಿತು, ಸರ್, ನೀವು ಹೂಂ ಅಂದ್ರಾ? ಅಂದಿದ್ದೆ; ಊರೂರು ಅಲೆದು ಕಥೆ ಬರೆದುಕೊಳ್ಳುತ್ತ, ಹೇಳುವವರೆದುರು ಹೂಂಗುಟ್ಟುತ್ತಲೇ ನೆರೆತ ತಲೆ ಇದು, ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಅಲ್ಲಿಗೇ ನಿಲ್ಲಬೇಕೆಂಬುದು ಇಲ್ಲಿನ ಕಟ್ಟಳೆ, ಟಕ್ಕೆಂದರೂ ತುಟಿ ತಾನಾಗಿ — ಹೂಂ ಅನ್ಬೇಡಿ ಸರ್, ಮೈ ಅಲುಗಿದ್ರೆ ಕೈಗೆ ಅಂಟಿಸಿದ ತಂತಿನೂ ಅಲುಗುತ್ತೆ, ಆ ಅಲೆ ಬೆರಳಿಂದಲ್ಲ. ಬಾಗಿಲ ಬಳಿ ನನ್ನ ಹೆಂಡತಿ ತನುಜಾ, ಮನೇಲಿ ನಾ ಕರೆದ್ರೆ ಹೂಂ ಅನ್ನಕ್ಕೆ ಬಾಯಿಲ್ಲ, ಇಲ್ಲಿ ಮಿಷನ್ನಿಗೆ ಹೂಂಗುಡ್ತಾರೆ, ಎಲ್ಲರೂ ನಗುತ್ತಾರೆ, ನಾನೂ ಅರ್ಧ ಮುಖದಲ್ಲಿ ನಗುತ್ತೇನೆ, ಬಾಯಿ ಬಿಗಿಹಿಡಿಯುತ್ತೇನೆ, ಟಕ್, ಪರದೆ ಸಪಾಟು, ಟಕ್, ಸಪಾಟು, ಎಷ್ಟು ದಣಿವು, ಕೂಗುವುದೂ ದಣಿವೇ — ಒಂದು ಸಂಜೆ ತಾಯಿ ಕೂಗಿದಳು, ಹೂಂ ಬರಲಿಲ್ಲ, ಮತ್ತೆ ಕೂಗಿದಳು, ಆಮೇಲೆ? ಎಂದು ನಾನು ಕೇಳುವಷ್ಟರಲ್ಲಿ ಲಾಂಚು ಬಂತು, ಕೇಳುತ್ತಿದ್ದವರೆಲ್ಲ ಎದ್ದರು, ಹೂಂ ಅನ್ನೋರೇ ಎದ್ದು ಹೋದ್ಮೇಲೆ ನಾ ಯಾರಿಗ್ ಹೇಳ್ಲಿ ಮಾರಾಯ್ರೆ, ಎಂದು ಬಂಗಾರಮ್ಮನೂ ಬುಟ್ಟಿ ಎತ್ತಿಕೊಂಡರು, ಸಾಗರ, ಇಕ್ಕೇರಿ, ಎಲ್ಲಿ ಅರಸಿದರೂ ಆ ಕಥೆಯ ಕೊನೆ ಯಾರ ಬಾಯಲ್ಲೂ ಸಿಗಲಿಲ್ಲ. ಇನ್ನೊಂದ್ಸಲ ನೋಡ್ಲಾ ಸರ್? ನೋಡಮ್ಮ. ಟಕ್. ಸುಚಿತ್ರಾ ಸಪಾಟು ಪರದೆಯನ್ನು ಆರಿಸಿ ಬಳೆಯನ್ನು ಕೆಳಗಿಡುತ್ತಾಳೆ, ಕೈಯಿಂದ ತಂತಿ ಬಿಡಿಸುತ್ತಾಳೆ, ಬಿಡಿಸಿದ್ದು ನನಗೆ ತಿಳಿಯುವುದಿಲ್ಲ, ಕುರ್ಚಿಗಳು ಸರಿಯುತ್ತವೆ, ಬಸ್ಸಿಗೆ ಹೊತ್ತಾಯಿತೆಂದು ಕಾದು ಕುಳಿತವರೂ ಎದ್ದು ಮನೆಯ ದಾರಿ ಹಿಡಿಯುತ್ತಾರೆ, ತನುಜಾ ಚಪ್ಪಲಿ ತಂದು ಕಾಲಬಳಿ ಇಡುತ್ತಾಳೆ, ಇನ್ನು ಹೂಂ ಎಂದರೂ ಏನೂ ಕೆಡುವುದಿಲ್ಲ, ಹೂಂ, ಎನ್ನುತ್ತೇನೆ, ಟವೆಲ್ಲಿನ ಮೇಲೆ ಹೆಬ್ಬೆರಳು, ಈಚೆ ದಡದಲ್ಲಿ ಇನ್ನೂ ನಿಂತಿದ್ದಾಳೆ ಆ ತಾಯಿ, ಹಣೆಗೆ ಕೈ ಅಡ್ಡ ಹಿಡಿದು, ಆಚೆ ದಡದಲ್ಲಿ — ಹೆಬ್ಬೆರಳು.