ಬಿಳಿ ಹೊಗೆ

ಗಡಿಗೆ ಸುಡುವ ಆವಿಗೆಯಿಂದ ಇನ್ನೂ ಬಿಳಿ ಹೊಗೆ ಏಳುತ್ತಿತ್ತು. ಅಷ್ಟರಲ್ಲೇ ಸೊಸೆ ಸಕ್ಕುಬಾಯಿ ಮತ್ತಿಮರದ ದಪ್ಪ ಕಟ್ಟಿಗೆ ಎಳೆದು ತರುವುದನ್ನು ಕಂಡು, ಕಟ್ಟೆಯ ಮೇಲೆ ಮಲಗಿದ್ದ ಕುಂಬಾರ ಗೂಳಪ್ಪ ಗಾಬರಿಯಾದ. ಬಿಳಿ ಹೊಗೆಯೆಂದರೆ ಗಡಿಗೆಗಳ ಹಸಿ ಇನ್ನೂ ಆರಿಲ್ಲ. ಈಗ ಜೋರು ಉರಿ ಬಿದ್ದರೆ ಸಿಡಿದು ಒಂದೂ ಉಳಿಯುವುದಿಲ್ಲ. ಆದರೆ ಹೇಳುವುದು ಹೇಗೆ? ಲಕ್ವ ಹೊಡೆದು ಅವನ ನಾಲಿಗೆ, ಕೈಕಾಲು ಎಲ್ಲ ಬಿದ್ದುಹೋಗಿದ್ದವು.

ಮಗ ದಾಂಡೇಲಿಯ ಮಿಲ್ಲಿನ ಪಾಳಿಯಲ್ಲಿದ್ದ. ನಾಳೆ ಮಳಗಿ ಊರಿನ ಮದುವೆಗೆ ಐದು ಐರಾಣಿ ಗಡಿಗೆ ಮುಟ್ಟಿಸಬೇಕು. ಅವು ಬಾರದೆ ಹಂದರದಲ್ಲಿ ಪೂಜೆಯಿಲ್ಲ. ಸಕ್ಕುಬಾಯಿಯೇ ಅವನ್ನು ಮಾಡಿ, ಹಸಿಯಿದ್ದಾಗಲೇ ಜರಿಗಿಡದ ಎಲೆ ಒತ್ತಿ ಚಿತ್ತಾರ ಮೂಡಿಸಿದ್ದಳು. ಅವು ತನ್ನ ಕೈಯವಕ್ಕಿಂತ ಚೆಂದವೆಂದು ಗೂಳಪ್ಪನಿಗೆ ಗೊತ್ತಿತ್ತು. ಆದರೆ "ಹೆಣ್ಣಮಕ್ಕಳು ಆವಿಗಿ ಹತ್ರ ಬರಬಾರದು" ಎಂದು ಹನ್ನೆರಡು ವರ್ಷ ಅವಳನ್ನು ಗದರಿಸಿ ದೂರವಿಟ್ಟವನೂ ಅವನೇ. ಹೊಗೆ ನೋಡುವುದನ್ನು ಅವಳಿಗೆ ಯಾರು ಕಲಿಸಬೇಕಿತ್ತು?

"ಬ್... ಬ್..." ಎಂದು ಗಂಟಲು ಹರಿಯುವಂತೆ ಕೂಗಿದ.

ಅವಳು ಓಡಿಬಂದಳು. "ನೀರಡಿಕಿ ಆತೇನ್ರಿ ಮಾವಾರ? ತಡೀರಿ, ಕುಡಸ್ತೇನಿ. ಇವತ್ತ ನಿಮ್ಮ ಸೊಸಿ ಉರಿ ಹೆಂಗ ಹಾಕ್ತಾಳ ನೋಡ್ರಿ!"

ತಲೆಯೆತ್ತಿ ಹಿಡಿದು ನೀರು ಕುಡಿಸಿ, ಸೆರಗಿನಿಂದ ಬಾಯಿ ಒರೆಸಿ, ನಗುತ್ತ ಹೋಗಿ ಕಟ್ಟಿಗೆಯನ್ನು ಒಳಗೆ ತಳ್ಳಿದಳು.

ಸ್ವಲ್ಪ ಹೊತ್ತಿಗೆ ಆವಿಗೆಯೊಳಗೆ 'ಟಪ್' ಎಂದಿತು. ಮತ್ತೊಂದು ಸಲ. ಇನ್ನೊಂದು ಸಲ.

"ಮಾವಾರ, ಏನ್ ಸಪ್ಪಳರೀ ಅದು?" ಎಂದು ಸಕ್ಕುಬಾಯಿ ಅವನ ಮುಖ ನೋಡಿದಳು.

ಗೂಳಪ್ಪನಿಂದ ಆದದ್ದು ಕಣ್ಣು ಮುಚ್ಚಿಕೊಳ್ಳುವುದೊಂದೇ.