ಚೀಲಕ್ಕೆ ಕಳೆದ ತೂಕ

ಮಾವನ ದವಡೆ ಆಡುತ್ತಲೇ ಇದೆ, ಉದ್ದಿನ ವಡೆ, ಎಣ್ಣೆ ಮೀಸೆಗೂ ಹತ್ತಿದೆ, ತೂಕಕ್ಕೆ ಸಾಲು ನಿಂತ ಹುಡುಗಿಯರ ಮುಂದೆ ತಿನ್ನಬಾರದು ಅಂತ ಈ ಗಂಡಸಿಗೆ ಯಾರು ಹೇಳಬೇಕು, ಕೋಚ್ ಮರಿಯಪ್ಪನವರಂತೆ, ಥೂ, ಗುಂಡ್ಲುಪೇಟೆ ಮಂಡಿಯಲ್ಲಿ ಸಣ್ಣೀರುಳ್ಳಿ ತೂಗೋನು ಚಾಮರಾಜನಗರದಲ್ಲಿ ಬಸ್ಸಿಳಿದ ಕೂಡಲೇ ಕೋಚ್ — ಭವ್ಯಳಿಗೆ ಉಗುಳಬೇಕೆನಿಸಿತು, ಬಾಯಲ್ಲಿ ಉಗುಳೇ ಇರಲಿಲ್ಲ. ಐದು ದಿನದಿಂದ ಅನ್ನ ಮುಟ್ಟಿಲ್ಲ, ಸ್ವೆಟರಿನ ಮೇಲೆ ರೈನ್‌ಕೋಟು ತೊಟ್ಟು ಬಿಸಿಲಲ್ಲಿ ಓಡಿದ್ದು, ಬಾಟಲಿಗೆ ಉಗುಳಿ ಉಗುಳಿ ನಾಲಿಗೆ ಒಣಗಿದ್ದು, ಎಲ್ಲ ಐವತ್ತು ಕೆಜಿ ಕುಸ್ತಿಗೆ, ಮೀರಿದರೆ ರಾಜ್ಯ ತಂಡ ಇಲ್ಲ, ಹೋದ ವರ್ಷವೂ ಹೀಗೇ ಹೋಯಿತು, ಇದೇ ಕೊನೆ ಸಲ ಅಂತ ಅಪ್ಪ ಹೇಳಿಯಾಗಿದೆ. ಬೆಳಿಗ್ಗೆ ಮಂಡಿಯ ತೂಕದ ಮಿಷನ್ ಮೇಲೆ ಮಾವನೇ ನಿಲ್ಲಿಸಿದ, ನಲವತ್ತೊಂಬತ್ತು ಎಂಟ್ನೂರು, ನೋಡು ಕಣಮ್ಮಿ, ಇನ್ನೂರ್ ಗ್ರಾಂ ಮಿಕ್ಕದೆ, ಒಂದ್ ಲೋಟ ನೀರ್ ಕುಡಿ, ಓಡಿದ್ದು ಸಾಕು ಬುಡು, ಕುಡಿದಳು, ಆಹಾ ಆ ನೀರು, ಚೊಂಬುಗಟ್ಟಲೆ ಕುಡಿಯೋ ಜನಕ್ಕೆ ನೀರಿನ ರುಚಿ ಏನು ಗೊತ್ತು — ಕುಡೀತಿರುವಾಗ ಗೋಡೆ ಪಕ್ಕ ಶಿವಮ್ಮ, ಉಮ್ಮತ್ತೂರಿನ ಮುದುಕಿ, ಈರುಳ್ಳಿ ಸುರಿದಾದ ಮೇಲೆ ಬರೀ ಗೋಣಿಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇದು ಒಂದ್ ಕೆಜಿ ಬತ್ತದಾ ಯೋಳ್ಲಾ ಮರಿಯಪ್ಪ, ಮಾವ ನಕ್ಕ, ಭವ್ಯಳೂ ನಕ್ಕಳು, ಅರ್ಧ ಕೆಜಿ ಈರುಳ್ಳಿಗೆ ಅಂಗಲಾಚೋ ಜನ, ಛೀ ಅನಿಸಿತ್ತು.

ಮುಂದೆ ಬಾರಮ್ಮ, ಹೆಸರು, ಭವ್ಯ, ಕೆಂಪು ಅಂಕಿ ಓಡಿ ಓಡಿ ನಿಂತಿತು, ಐವತ್ತೊಂದು. ಇಳಿ, ಮತ್ತೆ ಹತ್ತು, ಐವತ್ತೊಂದೇ, ಹತ್ತು ನಿಮಿಷ ಟೈಮಿದೆ ಅಂದರು ಕನ್ನಡಕದ ಮೇಡಂ, ಹತ್ತು ನಿಮಿಷಕ್ಕೆ ಒಂದು ಕೆಜಿ, ಜಡೆ ಕತ್ತರಿಸಿದರೂ ನೂರು ಗ್ರಾಂ ಇಳಿಯಲ್ಲ, ಮಾವ ವಡೆಯ ಕಾಗದ ಮುದುರಿಕೊಂಡು ಬಂದ, ಈ ಮಿಷನ್ ಸರಿಯಿಲ್ಲ ಮೇಡಂ, ನಮ್ ಮಂಡೀಲಿ ಸರ್ಯಾಗಿತ್ತು — ಸರಿಯಾಗಿ ಒಂದು ಕೆಜಿ, ಹೆಚ್ಚಿಲ್ಲ ಕಮ್ಮಿಯಿಲ್ಲ, ಆ ಬರೀ ಚೀಲದ ಮುಂದೆ ನಕ್ಕು ಮಾವ ಹೇಳಿದ್ದೇನು, ಏನಿಟ್ರೂ ಚೀಲುಕ್ಕೆ ಅಂತ ಒಂದ್ ಕೆಜಿ ಕಳ್ದೇ ತೋರುಸ್ತದೆ ಕಣಜ್ಜಿ, ನಾನೇ ಸೆಟ್ ಮಾಡಿರೋದು, ಎಂಥ ಜಂಬ, ತಾನು ಮೋಸಕ್ಕಿಟ್ಟ ಮಿಷನ್ನನ್ನ ತಾನೇ ನಂಬಿದ ಗೂಬೆ, ಹೇಳು ಈಗ, ಇವರೆಲ್ಲರ ಮುಂದೆ ಹೇಳು, ಮಂಡಿಯದು ಸುಳ್ಳು ಮಿಷನ್ ಅಂತ, ಟವಲಿನಲ್ಲಿ ಬೆವರು ಒರೆಸಿಕೊಳ್ತಾನೆ, ಅವನ ಹತ್ತಿರ ಇದೆ ಬೆವರು — ಓಡು ಕಣಮ್ಮಿ, ಓಡು, ಎಂಟ್ ನಿಮಿಷ ಅದೆ — ಇವನನ್ನ ಬೈದೇನು ಬಂತು, ತಾನೂ ಕೇಳಿಸಿಕೊಂಡಿದ್ದಳಲ್ಲ, ಅದೇ ಮಿಷನ್ನಿಂದ ಆಗಷ್ಟೇ ಇಳಿದಿದ್ದಳಲ್ಲ, ಹೋಗೋದು ಮುದುಕಿಯ ಕೆಜಿ, ತನಗೇನು ಅಂತ ನಗುತ್ತ ನೀರು ಕುಡಿದ ಹೆಣ್ಣು, ಥೂ ನಿನ್ನ — ಆರು ನಿಮಿಷ, ಓಡಮ್ಮಿ — ಗೋಡೆ ಪಕ್ಕ ಶಿವಮ್ಮ, ಎತ್ತಿದ ಎರಡು ಕೈ, ಬರೀ ಚೀಲ, ಚೀಲ, ಒಂದ್ ಕೆಜಿ ಬತ್ತದಾ ಯೋಳ್ಲಾ, ಎತ್ತಿದ ಕೈ, ಬರೀ ಚೀಲ.