ಡಬ್ಬಿಯೊಳಗಿನ ಕಿವಿ

ಟೀವಿ ಧಾರಾವಾಹಿಯಲ್ಲಿ ಸರ್ಕಾರಿ ಅಧಿಕಾರಿ ಹೆಡ್‌ಫೋನ್ ಕಿವಿಗೇರಿಸಿಕೊಳ್ಳುತ್ತಿದ್ದಂತೆ ಇತ್ತ ಗಿರಣಿಯಪ್ಪ ತನ್ನ ಕಿವಿ ಕೇಳಿಸುವ ಮಿಷನ್ನು ಕಿತ್ತು, ಅದರ ಪುಟ್ಟ ಡಬ್ಬಿಯೊಳಗಿಟ್ಟು, ಟಪ್ಪೆಂದು ಮುಚ್ಚಳ ಹಾಕಿದ.

"ನಾನಿನ್ನು ಇದನ್ನ ಹಾಕ್ಕೊಳ್ಳಲ್ಲ" ಎಂದ. ಮಿಷನ್ ತೆಗೆದ ಕೂಡಲೇ ದನಿ ತಾನಾಗಿಯೇ ಏರಿತ್ತು. ಸೋಫಾದ ಮೇಲಿದ್ದ ಮಗಳು ಮತ್ತು ಅಳಿಯ, ನೆಲದ ಮೇಲೆ ಕೂತು ಯಾರದೋ ಕೋಟಿಗೆ ಗುಂಡಿ ಹಚ್ಚುತ್ತಿದ್ದ ಹೆಂಡತಿ, ಮೂವರೂ ತಿರುಗಿ ನೋಡಿದರು.

"ಯಾಕಪ್ಪಾ, ನೋಯ್ತಿದೆಯಾ?" ಎಂದಳು ಮಗಳು. ಅವನಿಗೆ ಕೇಳಿಸಲಿಲ್ಲ, ತುಟಿ ನೋಡಿ ಊಹಿಸಿಕೊಂಡ.

"ಇದು ಫೋನಿಗೆ ಕನೆಕ್ಟ್ ಆಗತ್ತೆ ಅಂತ ನೀನೇ ಹೇಳಿದ್ದಲ್ವಾ? ಫೋನು ಸರ್ಕಾರಕ್ಕೆ ಕನೆಕ್ಟ್ ಆಗಿರತ್ತೆ. ಅಲ್ಲೇ ತೋರಿಸ್ತಿದಾರಲ್ಲ, ನೋಡು! ಬಲ್ಬಿನೊಳಗೆ ಕೂತು ಕೇಳಿಸ್ಕೊಳ್ಳೋರಿಗೆ ನನ್ನ ಕಿವಿಯೊಳಗೆ ಕೂರೋದೇನು ಮಹಾ ಕಷ್ಟ?"

ಅಳಿಯನಿಗೆ ನಗು ತಡೆಯಲಾಗಲಿಲ್ಲ. "ಹಿಟ್ಟು ಬೀಸೋರ ಮಾತು ಕೇಳಿ ಸರ್ಕಾರಕ್ಕೆ ಏನಾಗಬೇಕು ಮಾವ?" ಎಂದು ಜೋರಾಗಿ ಕೂಗಿ ಕೇಳಿದ. ಮಗಳು ನಗಲಿಲ್ಲ. ಅಪ್ಪನನ್ನು ಕಿವಿ ಪರೀಕ್ಷೆಗೆ ಎಳೆದುಕೊಂಡು ಹೋದವಳು ಅವಳು. ಅವನ ಚರ್ಮದ ಬಣ್ಣಕ್ಕೆ ಹೊಂದುವಂಥದೇ ಬೇಕೆಂದು ಅಂಗಡಿಯವನ ತಲೆ ತಿಂದವಳೂ ಅವಳೇ. ಈಗ ಡಬ್ಬಿಯತ್ತ ನೋಡಿ ಮುಖ ಸಣ್ಣ ಮಾಡಿಕೊಂಡು ಟೀವಿಯ ಕಡೆ ತಿರುಗಿದಳು. ಗಿರಣಿಯಪ್ಪ ಅವಳ ಮುಖ ನೋಡಿದ. ಆದರೂ ಡಬ್ಬಿ ತೆಗೆಯಲಿಲ್ಲ.

ಆ ಧಾರಾವಾಹಿ ಬೀದಿಗೆ ಬೀದಿಯನ್ನೇ ಮರುಳು ಮಾಡಿತ್ತು. ಭಾನುವಾರ ಸಂಜೆಯಾದರೆ ಎಲ್ಲ ಕಿಟಕಿಗಳಿಂದಲೂ ಒಂದೇ ಸಂಗೀತ. ಎಲ್ಲೋ ಒಂದು ಕೋಣೆಯಲ್ಲಿ ಕೂತ ಸರ್ಕಾರಿ ಅಧಿಕಾರಿ ಒಂದು ಸಾಮಾನ್ಯ ಸಂಸಾರದ ಮಾತನ್ನೆಲ್ಲ ಅವರ ಮನೆಯ ಬಲ್ಬಿನ ಮೂಲಕ ಕೇಳಿಸಿಕೊಳ್ಳುತ್ತಾನೆ, ಇಷ್ಟೇ ಕಥೆ. ಇಸ್ತ್ರಿ ಅಂಗಡಿಯವನು ತನ್ನ ಫೋನಿನ ಕ್ಯಾಮೆರಾಗೆ ಗಾಯದ ಪಟ್ಟಿ ಅಂಟಿಸಿಕೊಂಡ. ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು ಊಟದ ಕೋಣೆಯ ಬಲ್ಬು ಬಿಚ್ಚಿಟ್ಟು, ಕತ್ತಲಲ್ಲಿ ತಟ್ಟೆ ತಡಕುತ್ತ ಉಂಡರು. ಗಿರಣಿಯಲ್ಲಿ ಹಿಟ್ಟಿಗೆ ಕಾಯುವವರು, ಧಾರಾವಾಹಿಯ ಸಂಸಾರದ ಗುಟ್ಟನ್ನು ಹೊರಗೆ ಬಿಟ್ಟವನು ತಮ್ಮನೋ ಭಾವಮೈದುನನೋ ಎಂದು ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿ, ತಮ್ಮ ಚೀಲ ಬಿಟ್ಟು ಬೇರೆಯವರ ಚೀಲ ಹೊತ್ತುಕೊಂಡು ಹೋಗಿದ್ದೂ ಉಂಟು.

ಇಂಥ ಊರಲ್ಲಿ ಗಿರಣಿಯಪ್ಪನ ಮಾತನ್ನು ಯಾರೂ ಅನುಮಾನಿಸುವಂತಿರಲಿಲ್ಲ. ಆದರೆ ಅವನಿಗೆ ಸರ್ಕಾರದ ಭಯ ಎಳ್ಳಷ್ಟೂ ಇರಲಿಲ್ಲ. ಅವನ ಸಂಕಟ ಬೇರೆ.

ಅಪ್ಪನ ಕಾಲದ ಗಿರಣಿ ಅದು. ಬೀಸುವ ಕಲ್ಲಿನ ಸದ್ದು ಅವನ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿತ್ತು. ಅವನ ಕಿವಿ ಮಂದವಾದಷ್ಟೂ ಹೆಂಡತಿಯ ಬಾಯಿ ಸಡಿಲವಾಯಿತು. ಜನರೆದುರು ಅವಳದು ಅಳೆದು ತೂಗಿ ಆಡುವ ಮಾತು. ಅಡುಗೆಮನೆಗೆ ಹೊಕ್ಕರೆ ಮಾತ್ರ ಒಲೆಯೊಂದಿಗೆ, ನಲ್ಲಿಯೊಂದಿಗೆ, ದಾರ ಪೋಣಿಸಿಕೊಳ್ಳದ ಸೂಜಿಯೊಂದಿಗೆ ಅವಳ ಒಡ್ಡೋಲಗ ಶುರು. ಗಿರಣಿಯಪ್ಪ ನಡುಮನೆಯ ಕುರ್ಚಿಯಲ್ಲಿ ಕೂತು ಅವಳ ಬೆನ್ನು ನೋಡುತ್ತಿದ್ದ. ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಭುಜ ಕುಣಿದರೆ ಯಾರನ್ನೋ ಅಣಕಿಸುತ್ತಿದ್ದಾಳೆ, ಕತ್ತು ಓರೆಯಾದರೆ ತೀರಿಹೋದ ಅಕ್ಕನ ನೆನಪು ಮಾಡಿಕೊಳ್ಳುತ್ತಿದ್ದಾಳೆ, ಎಂದು ಅರ್ಥ ಮಾಡಿಕೊಂಡಿದ್ದ. ಗಿರಣಿಯಿಂದ ದಣಿದು ಬಂದವನಿಗೆ ಆ ಬೆನ್ನೇ ವಿಶ್ರಾಂತಿ.

ಮಿಷನ್ ಹಾಕಿಕೊಂಡ ಮೊದಲ ದಿನ ಅವನು ಮನೆಗೆ ಬಂದಾಗ, ಒಳಗಿನಿಂದ ಆ ಮಾತು ಸ್ವಚ್ಛವಾಗಿ ಕೇಳಿಸಿತು.

"ಬಂತು ಸವಾರಿ. ಈ ಮನುಷ್ಯ ಒಳಗೆ ಬಂದ್ರೆ ಬೂಟಿನ ಜೊತೆ ಅರ್ಧ ಗಿರಣೀನೂ ಒಳಗೆ ಬರತ್ತೆ. ಗಿರಾಕಿಗಳಿಗೆ ಏನು ತೂಗಿ ಕೊಡ್ತಾರೋ, ಹಿಟ್ಟೆಲ್ಲ ನನ್ನ ಪೊರಕೆಗೇ ಬಂದಿರತ್ತೆ!"

ಗಿರಣಿಯಪ್ಪ ಗಹಗಹಿಸಿ ನಕ್ಕುಬಿಟ್ಟ. ನಕ್ಕದ್ದೇ ತಪ್ಪಾಯಿತು. ಅವಳು ಬೆಚ್ಚಿ ತಿರುಗಿ, ಮೊದಲು ಅವನ ಮುಖ ನೋಡಿದಳು, ಆಮೇಲೆ ಕಿವಿ ನೋಡಿದಳು. ಕದ ತೆರೆದಿದ್ದಾಗ ಬಟ್ಟೆ ಬದಲಿಸುತ್ತಿದ್ದವಳ ಹಾಗೆ ಮುಖ ಕೆಂಪಾಯಿತು. ಅಂದು ಬಾಯಿಗೆ ಬಿದ್ದ ಬೀಗ ಮತ್ತೆ ತೆರೆಯಲಿಲ್ಲ. ಗಡಿಯಾರದ ಟಿಕ್‌ಟಿಕ್, ಚಮಚದ ಠಣ್, ತನ್ನದೇ ಹೆಜ್ಜೆಯ ಸಪ್ಪಳ, ಎಲ್ಲವೂ ಅವನಿಗೆ ವಾಪಸು ಬಂದಿತ್ತು. ಆದರೆ ಅಡುಗೆಮನೆಯಲ್ಲಿ ಪಾತ್ರೆಗಳದ್ದು ಬಿಟ್ಟು ಬೇರೆ ಸದ್ದಿಲ್ಲ. ಅವಳ ಭುಜಗಳು ಕೋಲು ನುಂಗಿದಂತೆ ನೆಟ್ಟಗಿದ್ದವು.

ಮಾತಾಡು ಎಂದು ಕೇಳಿಕೊಳ್ಳೋಣವೆಂದರೆ, ಕೇಳಿಕೊಂಡರೆ ಬರುವ ಮಾತಲ್ಲ ಅದು. ನೀನು ತಂದುಕೊಟ್ಟಿದ್ದು ನಿಮ್ಮಮ್ಮನ ಬಾಯಿ ಕಟ್ಟಿತು ಎಂದು ಮಗಳಿಗೆ ಹೇಳುವ ಹಾಗೂ ಇಲ್ಲ. ಆ ಭಾನುವಾರ ಧಾರಾವಾಹಿಯಲ್ಲಿ ಮನೆಯಾಕೆಗೆ ಬಲ್ಬಿನ ಗುಟ್ಟು ತಿಳಿದುಹೋಗಿತ್ತು. ಅವಳು ತನ್ನಷ್ಟಕ್ಕೆ ಹಾಡಿಕೊಳ್ಳುವುದನ್ನು ನಿಲ್ಲಿಸಿದಳು. ಗಂಡನೊಂದಿಗೆ ಒಂದು ಮಾತಾಡಬೇಕಾದರೂ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಪಿಸುಗುಟ್ಟಿದಳು. ಗಿರಣಿಯಪ್ಪ ಮೆಲ್ಲಗೆ ಹೆಂಡತಿಯ ಕಡೆ ನೋಡಿದ. ಅವಳು ಟೀವಿ ನೋಡುತ್ತಿರಲಿಲ್ಲ. ಸೂಜಿ ಹಿಡಿದುಕೊಂಡು ಅವನ ಕಿವಿಯನ್ನೇ ನೋಡುತ್ತಿದ್ದಳು. ಆಗಲೇ ಅವನು ಮಿಷನ್ ಕಿತ್ತಿದ್ದು, ತಪ್ಪನ್ನು ಸರ್ಕಾರದ ತಲೆಗೆ ಕಟ್ಟಿದ್ದು. ಬೈಸಿಕೊಂಡು ಸರ್ಕಾರಕ್ಕೆ ಅಭ್ಯಾಸವಿದೆ, ಒಂದು ಬೈಗುಳ ಹೆಚ್ಚಾದರೆ ಏನೂ ಆಗುವುದಿಲ್ಲ ಎಂದುಕೊಂಡ.

ಉಪಾಯ ಫಲಿಸಿತು. ಒಂದೆರಡು ದಿನ ಅವಳು ಅವನ ಬೆನ್ನ ಹಿಂದೆ ತಟ್ಟೆ ಬೀಳಿಸಿ ಪರೀಕ್ಷಿಸಿದಳು. ಆಮೇಲೊಂದು ಸಂಜೆ ಅವಳ ತುಟಿ ಅಲುಗಿತು. ಮರುದಿನ ಭುಜ ಕುಣಿಯಿತು. ಗಿರಣಿಯಪ್ಪ ಕುರ್ಚಿಗೊರಗಿ ಕಾಲು ಚಾಚಿದ. ಒಂದು ಶಬ್ದವೂ ಕೇಳಿಸದ ಆ ಸಂಜೆ ಅವನಿಗೆ ಸುಖವೇ ಸುಖ.

ಆದರೆ ಬಾಯಿ ಬಿಟ್ಟ ಮಾತು ಮನೆಯಲ್ಲೇ ಉಳಿಯುತ್ತದೆಯೇ? ಅವನಿಗೆ ಕೇಳಿಸಲೆಂದು ಅಳಿಯ ಕೂಗಿದ್ದು ಬೀದಿಗೆಲ್ಲ ಕೇಳಿಸಿತ್ತು. ಮುಂದಿನ ಭಾನುವಾರ ಧಾರಾವಾಹಿಯ ಕೊನೆಯ ಕಂತು. ಗಿರಣಿಯಪ್ಪ ಬೂಟು ಬಿಚ್ಚುವುದಕ್ಕೂ ಪುರುಸೊತ್ತಿಲ್ಲದೆ ಗಿರಣಿಯಿಂದ ನೇರ ಬಂದು ಕೂತಿದ್ದ. ಸಿಕ್ಕಿಬಿದ್ದ ಅಧಿಕಾರಿ ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ಎದುರು ಮನೆಯ ಮೇಷ್ಟ್ರ ಹೆಂಡತಿ ಗಂಡನ ತೋಳು ಹಿಡಿದುಕೊಂಡು ದಡದಡನೆ ಒಳಗೆ ಬಂದರು. ಮೇಷ್ಟ್ರ ಕಿವಿ ಬರಿದಾಗಿತ್ತು. ಅವರೂ ಮಿಷನ್ ಹಾಕುತ್ತಿದ್ದವರು.

"ಗಿರಣಿಯಪ್ಪನವರೇ, ಇವರ ತಲೆಗೆ ಏನು ತುಂಬಿದ್ರಿ?" ಆಕೆಯ ದನಿಗೆ ಯಾವ ಮಿಷನ್ನೂ ಬೇಕಿರಲಿಲ್ಲ. "ಬಚ್ಚಲಮನೆ ಚಿಲಕ ಸಿಕ್ಕಾಕ್ಕೊಂಡಿತ್ತು. ಕೈ ಊದೋ ಹಾಗೆ ಬಾಗಿಲು ಬಡಿದೆ. ಈ ಮಹಾರಾಯರು ಪದಬಂಧ ಬಿಡಿಸ್ತಾ ಕೂತಿದ್ರು! ಹಾಲಿನವಳು ಬಂದಿಲ್ದಿದ್ರೆ ನಾನು ಅಲ್ಲೇ ಸಂಸಾರ ಹೂಡಬೇಕಿತ್ತು!"

"ಗಿರಣಿಯಪ್ಪ ತೆಗೆದಿಟ್ಟ ಅಂದ್ಮೇಲೆ ಏನೋ ಇರಬೇಕು ಅಂದ್ಕೊಂಡೆ" ಎಂದು ಮೇಷ್ಟ್ರು ಪೆಚ್ಚುಪೆಚ್ಚಾಗಿ ನಕ್ಕರು.

ಮಗಳು ಮುಖ ಮುಚ್ಚಿಕೊಂಡಳು. "ತಪ್ಪು ನಂದೇ. ಅದನ್ನ ತಂದಿದ್ದೇ ತಪ್ಪು" ಎಂದು ಬಿಕ್ಕಿದಳು. ಅದು ಅವನಿಗೆ ಕೇಳಿಸಲಿಲ್ಲ, ಆದರೆ ಕೇಳಿಸಬೇಕಾಗಿಯೂ ಇರಲಿಲ್ಲ. ಗಿರಣಿಯಪ್ಪ ಎದ್ದು ನಿಂತ. ಹೆಂಡತಿಯ ಕಡೆ ನೋಡಲು ಧೈರ್ಯ ಸಾಲದೆ ಮೇಷ್ಟ್ರ ಕಡೆಯೇ ನೋಡಿದ.

"ಮಿಷನ್ ಹಾಕ್ಕೊಳ್ಳಿ ಮೇಷ್ಟ್ರೇ. ಯಾವ ಸರ್ಕಾರಾನೂ ಕೇಳಿಸ್ಕೊಳ್ತಿಲ್ಲ. ನಾನು ಸುಳ್ಳು ಹೇಳಿದೆ. ಕೇಳಿಸ್ಕೊಂಡಿದ್ದು ನಾನೇ." ನೋಡದೆಯೇ ಹೆಂಡತಿಯತ್ತ ಕೈ ತೋರಿಸಿದ. "ಇವಳು ಒಬ್ಬಳೇ ಇದ್ದಾಗ ಅಡುಗೆಮನೇಲಿ ಏನೇನೋ ಮಾತಾಡ್ಕೊತಾಳೆ. ನಾನು ಅದನ್ನ ಹಾಕ್ಕೊಂಡ ದಿನದಿಂದ ಬಾಯಿ ಬಿಡಲಿಲ್ಲ. ಮನೆ ಮನೆ ಥರ ಇರ್ಲಿಲ್ಲ ನಂಗೆ. ಅವಳ ಮಾತು ಅವಳಿಗಿರಲಿ ಅಂತ ತೆಗೆದಿಟ್ಟೆ. ಮಗೂ, ನಿಂದೇನೂ ತಪ್ಪಿಲ್ಲಮ್ಮ."

ಮಗಳು ಕೈ ತೆಗೆದು ಅಮ್ಮನನ್ನು ನೋಡಿದಳು. ಅಳಿಯ ಏನೋ ಹೇಳಹೋಗಿ ಟೀವಿಯತ್ತ ಕಣ್ಣು ಹಾಯಿಸಿ, "ಅಯ್ಯೋ, ಮುಗಿದೇ ಹೋಯ್ತಲ್ಲ! ಕೊನೆಗೆ ಅವನೇನು ಹೇಳಿದ?" ಎಂದು ಒದ್ದಾಡಿದ. ತೆರೆಯ ಮೇಲೆ ಹೆಸರುಗಳು ಸರಿಯುತ್ತಿದ್ದವು. ಮೇಷ್ಟ್ರ ಹೆಂಡತಿ ಗಂಡನ ಜೇಬಿನಿಂದಲೇ ಮಿಷನ್ ತೆಗೆದು ಅವರ ಕಿವಿಗೆ ತುರುಕಿ, ಈಗ ದನಿ ತಗ್ಗಿಸಿ, "ಬನ್ನಿ, ಹೋಗೋಣ" ಎಂದರು.

ಗಿರಣಿಯಪ್ಪನ ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ಅವಳು ಸಿಟ್ಟಾದಳೋ ನಾಚಿದಳೋ ಅವನಿಗೆ ತಿಳಿಯಲಿಲ್ಲ. ಇನ್ನು ಈ ಜನ್ಮದಲ್ಲಿ ಇವಳು ತನ್ನಷ್ಟಕ್ಕೆ ಒಂದು ಮಾತೂ ಆಡಲಾರಳು ಎಂದುಕೊಂಡ. ಕೆಪ್ಪನಾಗಿದ್ದಾಗ ಕದಿಯದೇ ಇದ್ದುದನ್ನು ಈಗ ನಾಲ್ಕು ಜನರೆದುರು ಹರಾಜಿಗಿಟ್ಟಂತಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡ.

ಅವಳು ಟೀವಿಯ ಪಕ್ಕದಿಂದ ಡಬ್ಬಿ ತಂದಳು. ಮುಚ್ಚಳ ತೆಗೆದು, ಮಿಷನ್ನನ್ನು ಬಟ್ಟೆಯ ಚೂರಿನಿಂದ ಒರೆಸಿ, ಅವನ ಮುಖವನ್ನು ಒಂದು ಬೆರಳಿಂದ ಪಕ್ಕಕ್ಕೆ ತಿರುಗಿಸಿದಳು. ಒಮ್ಮೆಯೂ ಅದನ್ನು ಮುಟ್ಟಿದವಳಲ್ಲ; ಮೊದಲು ತಲೆಕೆಳಗಾಗಿ ಹಾಕಹೋದಳು, ಆಮೇಲೆ ಸರಿಮಾಡಿದಳು. ಗಡಿಯಾರ ಟಿಕ್‌ಟಿಕ್ ಎನ್ನತೊಡಗಿತು. ಅವಳು ಅಡುಗೆಮನೆಗೆ ಹೋದಳು.

ನಲ್ಲಿ ಬಿಟ್ಟ ಸದ್ದಾಯಿತು. ನೀರು ಸುರಿಯುತ್ತಲೇ ಇತ್ತು. ಗಿರಣಿಯಪ್ಪ ನಿಂತಲ್ಲೇ ನಿಂತಿದ್ದ. ಆಮೇಲೆ ನಲ್ಲಿ ಕಿರ್ರೆಂದು ತಿರುಗಿತು, ನೀರು ನಿಂತಿತು.

"ಸುಳ್ಳು ಹೇಳೋಕೂ ಬರಲ್ಲ ಈ ಮನುಷ್ಯಂಗೆ" ಎಂಬ ಮಾತು ಒಳಗಿನಿಂದ ಬಂತು. ಪಾಠ ಒಪ್ಪಿಸುವವರಂತೆ ಒಂದೊಂದೇ ಪದ ತೂಗಿ ಆಡುತ್ತಿದ್ದಳು. "ಸರ್ಕಾರವಂತೆ, ಕಿವಿಯಂತೆ. ಬೀದಿಯೋರೆಲ್ಲ ನಂಬಿದ್ರು, ನಾನೂ ನಂಬಿದ್ನಲ್ಲ, ನನಗೆ ಬುದ್ಧಿ ಬೇಡ್ವಾ..." ಮಾತು ನಿಂತಿತು. ಪಾತ್ರೆಯೊಂದು ಕೈಜಾರಿ ಉರುಳಿತು. "ಎಲ್ಲಿಗೆ ಹೊರಟೆ ನೀನು? ದಿನಾ ಇದೇ ನಿಂದು. ಮೂಲೆ ಸೇರೋದು, ಆಮೇಲೆ ನಾನು ಬಗ್ಗಿ ಹುಡುಕೋದು. ಅಕ್ಕ ಇದ್ದಿದ್ರೆ ನಿನ್ನ ಎತ್ತಿ ಹೊರಗೆ ಎಸೀತಿದ್ಳು, ಗೊತ್ತಾ? ನಾನಾಗಿದ್ದಕ್ಕೆ ಇಟ್ಕೊಂಡಿದೀನಿ..." ದನಿ ತಗ್ಗಿತು, ಏರಿತು, ಯಾರನ್ನೋ ಅಣಕಿಸಿತು.

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಅಪ್ಪನನ್ನು ನೋಡಿದಳು. ಅವನು ತುಟಿ ಬಿಗಿಹಿಡಿದು, ನಗಬೇಡ ಎಂದು ಅವಳಿಗೆ ಕಣ್ಣಲ್ಲೇ ಹೇಳಿದ. ಆಮೇಲೆ ಮೆಲ್ಲನೆ ಬಗ್ಗಿ, ಸ್ವಲ್ಪವೂ ಸದ್ದಾಗದಂತೆ ಬೂಟಿನ ದಾರ ಬಿಚ್ಚಿದ. ಎರಡೂ ಬೂಟುಗಳನ್ನು ಹಿಟ್ಟು ಚೆಲ್ಲದಂತೆ ಎರಡು ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ಹೊರಬಾಗಿಲ ಕಡೆ ಹೆಜ್ಜೆ ಇಟ್ಟ.